ಬೆತ್ತಲೆ ಕತ್ತಿ

"ಇದರ ಒರೆ ಎಲ್ಲಿ?" ಅಂತ ಪಕ್ಕದ ಮನೆಯವರು ಕೇಳಿದರು. ಕೇಳಿದ್ದರಲ್ಲಿ ಕೊಂಕು ಇರಲಿಲ್ಲ. ಆದರೂ ಚುಚ್ಚಿತು.

ಕತ್ತಿ ಮಲೆನಾಡಿನ ಸಾಗರದ ಕಡೆಯದು. ನಮ್ಮೂರ ಆಚಾರಿ ಲಾರಿಯ ಸ್ಪ್ರಿಂಗ್ ಪ್ಲೇಟ್ ಕಾಯಿಸಿ ಬಡಿದು ಮಾಡಿದ್ದು. ಎರಡು ವರ್ಷದ ಹಿಂದೆ ಹಳೇ ಪೇಪರ್ ಸುತ್ತಿ, ಮೇಲೆ ಅಪ್ಪನ ಹರಿದ ಪಂಚೆ ಬಿಗಿದು, ಚೆಕ್-ಇನ್ ಬ್ಯಾಗಿನ ತಳದಲ್ಲಿಟ್ಟು ಅಮೆರಿಕದ ಪೋರ್ಟ್‌ಲ್ಯಾಂಡಿಗೆ ತಂದೆ. ಹಿತ್ತಲಿಗೆ ನುಗ್ಗುವ ಬ್ಲ್ಯಾಕ್‌ಬೆರಿ ಮುಳ್ಳು ಕಡಿಯೋಕೆ ಬೇಕಿತ್ತು. ಒರೆಗಾನ್‌ನಲ್ಲಿ ಅದು ನಮ್ಮ ಲಂಟಾನದ ಹಾಗೆ. ಹೆಸರು ಹಿಮಾಲಯನ್ ಬ್ಲ್ಯಾಕ್‌ಬೆರಿ, ಮೂಲ ಆರ್ಮೇನಿಯಾ ಕಡೆ. ಹಿಮಾಲಯಕ್ಕೆ ಸುಮ್ನೆ ಅಪವಾದ.

"ಒರೆ ಇಲ್ಲ" ಅಂದೆ. ಹಾಗಾದರೆ ಊರಲ್ಲಿ ಎಲ್ಲಿಡ್ತೀರಿ ಅಂತ ಕೇಳಿದರು. ಮಾಡಿನ ಸಂದಿಯಲ್ಲಿ, ಇಲ್ಲ ಬಾಳೆ ದಿಂಡಿಗೆ ಚುಚ್ಚಿ, ಕೆಲವೊಮ್ಮೆ ಬಚ್ಚಲೊಲೆಯ ಸೌದೆ ರಾಶಿಯ ಮೇಲೆ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವಾಗಲೇ ನಾಚಿಕೆಯಾಯಿತು. ನಮ್ಮ ಮನೆಯಲ್ಲಿ ಕಲೆ ಇಲ್ಲದವರೇ ಇಲ್ಲ. ನನ್ನ ಎಡಗೈ ಹೆಬ್ಬೆರಳಲ್ಲಿ ಒಂದು. ಅಮ್ಮನ ಪಾದದಲ್ಲಿ ಮೆಟ್ಟುಗತ್ತಿಯದ್ದು, ಅಂದರೆ ಈಳಿಗೆಮಣೆಯದ್ದು, ಒಂದು. ಚಿಕ್ಕಪ್ಪನ ಮೀನಖಂಡದಲ್ಲಿ ಏಳು ಹೊಲಿಗೆಯದ್ದು. ಅದು ಕತ್ತಲಲ್ಲಿ ಸೌದೆ ತರಲು ಹೋದಾಗ ಆದದ್ದು. ಮನೆಯವರೆಲ್ಲ ಸೇರಿ ಕೊಟ್ಟ ತೀರ್ಪು ಶನಿಕಾಟ. ಎಳ್ಳೆಣ್ಣೆ ದೀಪ ಹಚ್ಚಿದರು. ಕತ್ತಿ ಮರುದಿನ ಅದೇ ರಾಶಿಯ ಮೇಲಿತ್ತು.

ಪಕ್ಕದ ಮನೆಯವರು ಲಾರಿ ಓಡಿಸಿ ನಿವೃತ್ತರಾದವರು. ಪೋರ್ಟ್‌ಲ್ಯಾಂಡ್ ಚಾಕುವಿನ ಊರು. ಗರ್ಬರ್ ಕಂಪನಿ 1939ರಲ್ಲಿ ಶುರುವಾದದ್ದು ಇಲ್ಲೇ, ಲೆದರ್‌ಮನ್ ಕೂಡ ಇಲ್ಲಿಯದ್ದೇ. ಅದಕ್ಕೋ ಏನೋ, ಗ್ಯಾರೇಜಿನಲ್ಲಿ ಚಾಕು, ಒರೆ ಅಂತ ಕೂರುವವರು ಬೀದಿಗೊಬ್ಬರು ಸಿಗ್ತಾರೆ. ಇವರು ಒರೆ ಮಾಡೋದು ಕೈಡೆಕ್ಸ್ ಹಾಳೆಯಲ್ಲಿ. ಅಕ್ರಿಲಿಕ್ಕು, ಪಿವಿಸಿ ಬೆರೆಸಿದ ಪ್ಲಾಸ್ಟಿಕ್ಕು ಅದು. 1965ರಲ್ಲಿ ವಿಮಾನದ ಒಳಭಾಗಕ್ಕೆ ಅಂತ ಬಂದದ್ದು. "ಬಿಡಿ, ಅಂಗಡಿಯಲ್ಲಿ ಒಂದು ಕೊಳ್ತೀನಿ" ಅಂದೆ. ಈ ಆಕಾರಕ್ಕೆ ಅಂಗಡಿಯಲ್ಲಿ ಸಿಗೋದಿಲ್ಲ, ಶನಿವಾರ ಬಾ ಅಂದರು. ಶನಿ ಇಲ್ಲೂ ಬಿಡಲಿಲ್ಲ.

ಮೊದಲು ಕತ್ತಿಗೆ ಎರಡು ಸುತ್ತು ಮಾಸ್ಕಿಂಗ್ ಟೇಪ್. ಆ ಟೇಪಿನ ದಪ್ಪದಷ್ಟೇ ಜಾಗ ಆಮೇಲೆ ಕತ್ತಿಗೂ ಒರೆಗೂ ನಡುವೆ ಉಳಿಯುತ್ತದೆ. ಎರಡು ಮಿಲಿಮೀಟರ್ ದಪ್ಪದ ಹಾಳೆಯನ್ನು ಟೋಸ್ಟರ್ ಓವನ್‌ನಲ್ಲಿ ಸುಮಾರು 170 ಡಿಗ್ರಿಗೆ ಕಾಯಿಸಿದರು. ಅಡುಗೆಯದ್ದಲ್ಲ, ಇದಕ್ಕೆ ಅಂತಲೇ ಬೇರೆ ಓವನ್. ಜಾಸ್ತಿ ಕಾದರೆ ಪಿವಿಸಿಯಿಂದ ಆಸಿಡ್ ಹೊಗೆ ಬರ್ತದೆ. ಹಾಗಾಗಿ ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿತ್ತು, ಹೊರಗೆ ಜಿಟಿಜಿಟಿ ಮಳೆ. ಹಾಳೆ ಹೊರಗೆ ಬಂದಾಗ ಬೇಯದ ರೊಟ್ಟಿಯ ಹಾಗೆ ಜೋತು ಬಿದ್ದಿತ್ತು. ಅದನ್ನು ಕತ್ತಿಯ ಮೇಲೆ ಮಡಚಿ, ಸ್ಪಂಜ್ ಅಂಟಿಸಿದ ಎರಡು ಹಲಗೆಯ ನಡುವೆ ಇಟ್ಟು, ಕ್ಲಾಂಪ್ ಬಿಗಿದು, ಹತ್ತು ನಿಮಿಷ ಮುಟ್ಟಬೇಡ ಅಂದರು. ನಾನು ಎರಡು ಸಲ ಮುಟ್ಟಲು ಹೋದೆ. ಎರಡು ಸಲವೂ ಬೈಸಿಕೊಂಡೆ.

ಕಾಯುವಾಗ ಅವರ ಬೇರೆ ಚಾಕುಗಳನ್ನು ತೋರಿಸಿದರು. ಒಳಗೆ ಹೋಗುವಾಗ 'ಟಕ್' ಅನ್ನಬೇಕು. ತಲೆಕೆಳಗು ಹಿಡಿದು ಕೊಡವಿದರೂ ಬೀಳಬಾರದು. ತಳದಲ್ಲಿ ನೀರು ಇಳಿಯಲು ಒಂದು ತೂತು. ಅಂಚನ್ನು ಒಂದಕ್ಕಿಂತ ಒಂದು ನಯವಾದ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಉಜ್ಜಿ ಹೊಳೆಸಿದ್ದರು. ಒಂದೊಂದಕ್ಕೂ ಎರಡೆರಡು ಸಂಜೆಯಂತೆ.

ನೋಡ್ತಾ ನೋಡ್ತಾ ನನಗೆ ಊರಿನ ಮೇಲೆ ಸಿಟ್ಟು ಬಂತು. ಆಯುಧಪೂಜೆ ದಿನ ಕತ್ತಿಗೆ ಕುಂಕುಮ ಹಚ್ಚಿ ಹೂ ಇಡ್ತೀವಿ. ಉಳಿದ 364 ದಿನ ಬೆತ್ತಲೆ ಬಿಡ್ತೀವಿ. ಒರೆ ಅಂದರೆ ನಮಗೆ ಕೊಡವರ ಪೀಚೆಕತ್ತಿಯದ್ದು, ಬೆಳ್ಳಿ ಕಟ್ಟಿದ್ದು, ಮದುವೆ ಫೋಟೋದಲ್ಲಿ ನೋಡೋದು. ದಿನಾ ದುಡಿಯುವ ಕತ್ತಿಗೂ ಒಂದು ಹೊದಿಕೆ ಬೇಕು ಅಂತ ಅನ್ನಿಸೋದೇ ಇಲ್ಲ. ತೋಟದ ತುಂಬ ಅಡಿಕೆ ಹಾಳೆ ಬಿದ್ದಿರ್ತದೆ. ನೆನೆಸಿ, ಮಡಚಿ, ಹೊಲಿದರೆ ಅರ್ಧ ಗಂಟೆ ಕೆಲಸ. ಅದೇ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡಿ ಪರದೇಶಕ್ಕೆ ಕಳಿಸ್ತೀವಿ, ಕತ್ತಿಗೆ ಮಾತ್ರ ಇಲ್ಲ. ಕೇಳಿದರೆ "ಇಷ್ಟು ವರ್ಷ ನಡೆದಿಲ್ವಾ?" ಅಂತಾರೆ. ನಡೆದಿದೆ. ಏಳು ಹೊಲಿಗೆ ಹಾಕಿಸಿಕೊಂಡು ಕುಂಟುತ್ತ ನಡೆದಿದೆ.

ಕ್ಲಾಂಪ್ ಬಿಚ್ಚಿದೆವು. ಅಚ್ಚು ಅಂದರೆ ಅಚ್ಚು. ಆಚಾರಿಯ ಸುತ್ತಿಗೆ ಏಟಿನ ತಗ್ಗು ಕೂಡ ಪ್ಲಾಸ್ಟಿಕ್ಕಿನಲ್ಲಿ ಮೂಡಿತ್ತು. ಆದರೆ ಕತ್ತಿ ಹೊರಗೆ ಬರಲಿಲ್ಲ.

ನಮ್ಮ ಕತ್ತಿಯ ಮೂತಿ ಗಿಣಿಕೊಕ್ಕಿನ ಹಾಗೆ ಬಾಗಿದೆ. ನೇರ ಎಳೆದರೆ ಕೊಕ್ಕು ಒಳಗೇ ಸಿಕ್ಕಿಕೊಳ್ತದೆ. ಹೀಟ್ ಗನ್ ಹಿಡಿದು ಮತ್ತೆ ಮೆತ್ತಗೆ ಮಾಡಿ ಬಿಡಿಸಬೇಕಾಯಿತು. ಈ ಪ್ಲಾಸ್ಟಿಕ್ಕಿನ ಒಳ್ಳೆ ಗುಣ ಅದು, ತಪ್ಪಾದರೆ ಮತ್ತೆ ಕಾಯಿಸಬಹುದು. ಮುಂದಿನ ಶನಿವಾರ ಒಂದು ಬದಿ ಪೂರ್ತಿ ತೆರೆದಿಟ್ಟು, ಅಡ್ಡಕ್ಕೆ ಪಟ್ಟಿ ಹಾಕಿ ಒತ್ತುಗುಂಡಿ ಕೂರಿಸಿದರು. ಚೆಂದ ಆಯಿತು. ಆದರೆ ಪೊದೆಯೊಳಗೆ ನಿಂತು ಕತ್ತಿ ತೆಗೆಯೋಕೆ ಎರಡೂ ಕೈ ಬೇಕು.

ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ತೋರಿಸಿದೆ. "ಪೈಪ್ ಕಾಯಿಸಿದ ಹಾಗೇ ಮಾಡಿದ್ದಾರಲ್ಲೋ" ಅಂದರು.

ಹೌದಲ್ವಾ. ತೋಟದ ಪಿವಿಸಿ ಪೈಪಿನ ತುದಿಯನ್ನು ಒಣ ಸೋಗೆಯ ಬೆಂಕಿಯಲ್ಲಿ ತಿರುಗಿಸಿ ಕಾಯಿಸಿ, ಮೆತ್ತಗಾದ ಕೂಡಲೇ ಇನ್ನೊಂದು ಪೈಪಿಗೆ ತುರುಕಿ ಜೋಡಿಸೋದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಡಿಗ್ರಿ ಇಲ್ಲ, ಓವನ್ ಇಲ್ಲ. ಕಪ್ಪಾಗುವ ಮೊದಲು ತೆಗೀಬೇಕು, ಅಷ್ಟೇ. ಅದನ್ನು ಯಾರೂ ಹವ್ಯಾಸ ಅನ್ನಲಿಲ್ಲ. ನಾನಂತೂ ನೀರು ಬಂತಾ ಅಂತ ಮಾತ್ರ ನೋಡಿದೆ.

"ಅಲ್ಲ, ಬಾಗಿದ ಕತ್ತಿಗೆ ಒರೆ ಯಾಕೋ ಮಾರಾಯ? ಸೊಂಟಕ್ಕೆ ಕೊಕ್ಕೆ ಸಾಕಲ್ಲ" ಅಂದರು ಅಪ್ಪ. ಸೊಪ್ಪು ಕಡಿಯುವವರು ಬೆನ್ನ ಹಿಂದೆ ಕಟ್ಟಿಕೊಳ್ಳುವ ಕೊಕ್ಕೆ. ಕತ್ತಿ ಅದರಲ್ಲಿ ನೇತಾಡ್ತದೆ, ಒಂದೇ ಕೈಯಲ್ಲಿ ಬರ್ತದೆ, ಹೋಗ್ತದೆ. ಕೊಡವರ ಬಾಗಿದ ಒಡಿಕತ್ತಿ ಕೂಡ ನಿಲ್ಲೋದು ಸೊಂಟದ ಹಿಂದೆ, ತೋಡಂಗ್ ಅನ್ನೋ ಹಿತ್ತಾಳೆ ಕೊಕ್ಕೆಯಲ್ಲಿ. ಮರದ ಮೇಲಿರುವವನಿಗೆ ಎರಡನೇ ಕೈ ಎಲ್ಲಿಂದ ಬರಬೇಕು? ಎರಡು ಶನಿವಾರ ಕೂತರೂ ಇದು ನನಗೆ ಹೊಳೆಯಲಿಲ್ಲ ಅಂತ ಒಪ್ಪಿಕೊಳ್ಳೋದು ಕಷ್ಟ. ಇನ್ನೊಂದನ್ನೂ ಹೇಳಿಬಿಡ್ತೇನೆ. ಮಳೆಯಲ್ಲಿ ಒದ್ದೆಯಾದ ಕತ್ತಿಯನ್ನು ಹಾಗೇ ಒರೆಗೆ ಹಾಕಿ ಮರೆತಿದ್ದೆ, ವಾರದಲ್ಲಿ ಕೆಂಪಗೆ ತುಕ್ಕು. ಹೊಗೆ ತಿಂದುಕೊಂಡು ಮಾಡಿನ ಸಂದಿಯಲ್ಲಿದ್ದಾಗ ಹಾಗಾದದ್ದು ನೆನಪಿಲ್ಲ. ಸೌದೆ ರಾಶಿಯನ್ನು ಮಾತ್ರ ನಾನು ಕ್ಷಮಿಸೋದಿಲ್ಲ.

ಫೋನ್ ಇಡುವ ಮೊದಲು ಅಮ್ಮ ನಡುವೆ ಬಂದಳು. "ಆ ಪ್ಲಾಸ್ಟಿಕ್ಕಲ್ಲಿ ಮೆಟ್ಟುಗತ್ತಿಯ ಬಾಯಿಗೆ ಒಂದು ಮಾಡಿಕೊಡ್ತಾರಾ ಕೇಳು. ಮೇ ತಿಂಗಳಲ್ಲಿ ಮಕ್ಕಳು ಬರ್ತಾರೆ." ಅಳತೆ ಎಷ್ಟು ಅಂದೆ. ಒಂದು ಗೇಣು ಅಂದಳು. ಯಾರ ಗೇಣು ಅನ್ನೋದು ಇನ್ನೂ ಇತ್ಯರ್ಥ ಆಗಿಲ್ಲ.