ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಬೇಡಿ

ಮೂಡಿಗೆರೆ ಹತ್ತಿರ ನಮ್ಮ ಹಳೇ ಮನೆ ಇದೆ. ಮುತ್ತಜ್ಜ ಕಟ್ಟಿಸಿದ್ದು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮಂಗಳೂರು ಹಂಚು. ಆರು ವರ್ಷದ ಹಿಂದೆ ಪಡುವಣ ಗೋಡೆ ಉದುರುತ್ತಿದೆ ಅಂತ ಹೊರಗಿನಿಂದ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ಇನ್ನು ಮಳೆಗೆ ಹೆದರೋದು ಬೇಡ ಅಂದುಕೊಂಡೆವು.

ಮೂರನೇ ಮಳೆಗಾಲ. ಆಶ್ಲೇಷ ಮಳೆ ಹಿಡಿದಿತ್ತು. ಗೋಡೆ ತಟ್ಟಿದರೆ ಡಬ್ ಡಬ್ ಅಂತ ಟೊಳ್ಳು ಸದ್ದು. ಬಿರುಕಿಗೆ ಕತ್ತಿ ತುದಿ ಹಾಕಿ ಎಬ್ಬಿಸಿದೆ. ಊಟದ ಮಣೆಯಷ್ಟು ದೊಡ್ಡ ಚಕ್ಕೆ ಕಳಚಿ ಬಿತ್ತು. ಹಿಂದಿದ್ದ ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುತ್ತಿತ್ತು, ಅಷ್ಟು ಒದ್ದೆ. ಇನ್ನೂ ನಾಲ್ಕು ಬೆರಳು ಒಳಗೆ ಕೆರೆದರೆ ಒಣ ಮಣ್ಣು. ಅದರಲ್ಲಿ ಮುತ್ತಜ್ಜನ ಕಾಲದ ಭತ್ತದ ಹುಲ್ಲು ಹಳದಿಯಾಗಿಯೇ ಇತ್ತು. ನಿಜಕ್ಕೂ ಕಣ್ಣಲ್ಲಿ ನೀರು ಬಂತು.

ಮಣ್ಣಿನ ಗೋಡೆ ನೆಲದಿಂದಲೂ ಗಾಳಿಯಿಂದಲೂ ತೇವ ಎಳೆದುಕೊಳ್ಳುತ್ತೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತೆ. ಸಿಮೆಂಟ್ ಆ ದಾರಿ ಮುಚ್ಚುತ್ತೆ. ಮಣ್ಣು ಹಿಗ್ಗಿ ಕುಗ್ಗಿದ ಹಾಗೆ ಸಿಮೆಂಟ್ ಹಿಗ್ಗಿ ಕುಗ್ಗಲ್ಲ, ಬಿರುಕು ಬಿಡುತ್ತೆ. ಅಲ್ಲಿಂದ ಒಳಗೆ ಹೋದ ನೀರಿಗೆ ಹೊರಗೆ ಬರೋಕೆ ಜಾಗವೇ ಇಲ್ಲ.

ಹಾಗಾದರೆ ಮೊದಲು ಗೋಡೆ ಉದುರಿದ್ದು ಯಾಕೆ? ಇದನ್ನ ನಮ್ಮ ದೊಡ್ಡಮ್ಮ ಒಂದೇ ಮಾತಲ್ಲಿ ಹೇಳಿದರು: "ತಟ್ಟಿ ಕಟ್ಟೋದು ಬಿಟ್ರಲ್ಲ, ಇನ್ನೇನಾಗುತ್ತೆ?" ನಮ್ಮ ಕಡೆ ಮಳೆ ಬೀಸೋದು ಪಡುವಣದಿಂದ. ಮೊದಲೆಲ್ಲ ಮೇ ಕೊನೆಗೆ ಆ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಮಳೆ ಮುಗಿದ ಮೇಲೆ ಬಿಚ್ಚುತ್ತಿದ್ದರು. ನೋಡೋಕೆ ಚೆನ್ನಾಗಿರಲ್ಲ ಅಂತ ನಾವು ಬಿಟ್ಟೆವು. ತಪ್ಪು ನಮ್ಮದು, ಬೈದಿದ್ದು ಗೋಡೆಗೆ. ಉದ್ದ ಸೂರು, ಮಳೆ ನೀರು ಸಿಡಿದರೂ ಮಣ್ಣಿಗೆ ತಾಗದಷ್ಟು ಎತ್ತರದ ಕಲ್ಲಿನ ತಳಪಾಯ, ವರ್ಷಕ್ಕೊಮ್ಮೆ ತಟ್ಟಿ. ಮುಕ್ಕಾಲು ಕೆಲಸ ಇಲ್ಲೇ ಮುಗಿಯುತ್ತೆ. ಗೋಡೆಗೆ ಏನು ಬಳಿಯಬೇಕು ಅನ್ನೋದು ಆಮೇಲಿನ ಮಾತು.

ಕಳೆದ ಬೇಸಿಗೆಯಲ್ಲಿ ಸಿಮೆಂಟ್ ಪೂರ್ತಿ ಕೆತ್ತಿಸಿ ಗೋಡೆ ಒಣಗಲು ಬಿಟ್ಟೆವು. ಮಣ್ಣು ಆರಿಸಿದ್ದು ದೊಡ್ಡಮ್ಮನೇ. ಕಲೆಸಿದ ಮಣ್ಣನ್ನು ಚಕ್ಕುಲಿ ಹಿಟ್ಟಿನ ಹಾಗೆ ಹೊಸೆದು ಬೆರಳಿಗೆ ಸುತ್ತಿ ನೋಡುತ್ತಿದ್ದರು. ತುಂಡಾದರೆ ಜಿಗುಟು ಸಾಲದು, ಸ್ವಲ್ಪ ಹುತ್ತದ ಮಣ್ಣು. ಒಣಗಿದ ಮೇಲೆ ಸೀಳಿದರೆ ಜಿಗುಟು ಜಾಸ್ತಿ, ಸ್ವಲ್ಪ ಮರಳು. ಕತ್ತರಿಸಿದ ಹುಲ್ಲು, ಸಗಣಿ ಸೇರಿಸಿ ತುಳಿದು, ಒಂದು ವಾರ ಹಾಗೇ ಕೊಳೆಯಲು ಬಿಟ್ಟು, ಆಮೇಲೆ ಮೆತ್ತಿದ್ದು. ಅದು ಒಣಗಿದ ಮೇಲೆ ಸುಣ್ಣ. ಸುಣ್ಣ ಗಾಳಿ ಕುಡಿದು ನಿಧಾನಕ್ಕೆ ಮತ್ತೆ ಕಲ್ಲಾಗುತ್ತೆ, ಆದರೂ ಗೋಡೆಯ ತೇವ ಹೊರಗೆ ಹೋಗೋಕೆ ಬಿಡುತ್ತೆ.

ಸಿಮೆಂಟ್ ಮೇಲೆ ನನಗೆ ದ್ವೇಷ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ವಿಜ್ಞಾನ, ತಂತ್ರಜ್ಞಾನ ತಲುಪಿಸೋಕೆ ಅಂತ 1974ರಲ್ಲಿ ಶುರುವಾದ ಅಸ್ತ್ರ (ASTRA) ಕೇಂದ್ರದವರು ಮಣ್ಣಿಗೆ ಸ್ವಲ್ಪವೇ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡೋದನ್ನ ಕಲಿಸಿದರು. ಹೊಸ ಮನೆ ಕಟ್ಟೋರು ಅದನ್ನ ಖಂಡಿತ ನೋಡಿ. ಅದು ಮಣ್ಣಿನೊಳಗೆ ಬೆರೆತ ಸಿಮೆಂಟ್. ನಾವು ಮಾಡಿದ್ದು ಹಳೇ ಗೋಡೆಗೆ ಹೊರಗಿಂದ ಚಿಪ್ಪು ಹೊದಿಸಿದ್ದು. ಎರಡೂ ಬೇರೆ.

ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆ ಹಳೇ ಮನೆ ಇರೋರು ಪ್ಲಾಸ್ಟರ್‌ಗೆ ಮೇಸ್ತ್ರಿಯನ್ನ ಕರೆಯೋ ಮೊದಲು ಒಂದು ಮಳೆಗಾಲ ಸುಮ್ನೆ ತಟ್ಟಿ ಕಟ್ಟಿ ನೋಡಿ. ಸೋಗೆ ಹೆಣೆಯೋರು ನಿಮ್ಮೂರಲ್ಲಿ ಇನ್ನೂ ಯಾರಾದರೂ ಇದ್ದರೆ ಅವರ ಪಕ್ಕ ಕೂತು ಕಲಿತುಕೊಳ್ಳಿ. ನಮ್ಮೂರಲ್ಲಿ ಈಗ ಇಬ್ಬರೇ ಉಳಿದಿದ್ದಾರೆ, ಇಬ್ಬರಿಗೂ ಎಪ್ಪತ್ತು ದಾಟಿದೆ.