ಉಳಿಸಿ ಉಳಿಸಿ ಬರಿಗೈಯಾದವರು

ಈಗಿನ ಬಿಲ್ಲುಗಳಲ್ಲಿ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಅಚ್ಚಾಗುವುದು ನೀವು ಕೊಟ್ಟ ಹಣವಲ್ಲ, ನೀವು ಉಳಿಸಿದ ಹಣ. ಕೊಟ್ಟದ್ದು ಮೇಲೆ ಎಲ್ಲೋ ಸಣ್ಣಗೆ ಮುದುಡಿಕೊಂಡಿರುತ್ತದೆ. ಕೆಳಗೆ, ಚುಕ್ಕಿಗಳ ಚೌಕಟ್ಟಿನಲ್ಲಿ, "ಅಭಿನಂದನೆಗಳು! ಇವತ್ತು ನೀವು ಇಷ್ಟು ಉಳಿಸಿದ್ದೀರಿ" ಅಂತ ಇರುತ್ತದೆ. ಅಂಗಡಿಗೆ ಹೋಗುವಾಗ ಜೇಬಿನಲ್ಲಿದ್ದ ದುಡ್ಡು ಬರುವಾಗ ಇಲ್ಲ. ಆದರೂ ಉಳಿಸಿದ್ದೀರಿ. ಕಾಗದದ ಮೇಲೇ ಬರೆದಿರುವಾಗ ನಂಬದೆ ಇರೋಕೆ ಆಗುತ್ತಾ?

ಈ ಲೆಕ್ಕದಲ್ಲಿ ಜಾಸ್ತಿ ಕೊಂಡವರೇ ಜಾಸ್ತಿ ಉಳಿಸಿದವರು. ಏನೂ ಕೊಳ್ಳದೆ ಸುಮ್ನೆ ಮನೆಯಲ್ಲಿ ಕೂತವರು ದುಂದುಗಾರರು. ಒಂದು ಬಿಡಿಗಾಸು ಉಳಿಸಿದ್ದಕ್ಕೂ ಅವರ ಹತ್ತಿರ ದಾಖಲೆ ಇಲ್ಲ.

ಈ ಉಳಿತಾಯ ಹುಟ್ಟುವುದು ಒಂದು ಅಡ್ಡಗೆರೆಯಿಂದ. ಮೊದಲು ಒಂದು ದೊಡ್ಡ ಬೆಲೆ ಬರೆಯಬೇಕು. ಅದರ ಮೇಲೆ ಗೆರೆ ಎಳೆಯಬೇಕು. ಪಕ್ಕದಲ್ಲಿ ಸಣ್ಣ ಬೆಲೆ ಬರೆಯಬೇಕು. ಆ ದೊಡ್ಡ ಬೆಲೆಗೆ ಯಾರಾದರೂ ಯಾವತ್ತಾದರೂ ಕೊಂಡಿದ್ದರಾ ಅಂತ ಕೇಳಬಾರದು. ಶುಭಕಾರ್ಯದಲ್ಲಿ ಅಪಶಕುನ ನುಡಿಯಬಾರದು, ಅಲ್ವಾ?

ಆಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1974ರಲ್ಲೇ ಈ ಗೆರೆಯ ಗುಟ್ಟು ಬಿಚ್ಚಿಟ್ಟಿದ್ದರು. ಜನರ ಎದುರು ಸಂಖ್ಯೆಗಳಿದ್ದ ಒಂದು ಚಕ್ರ ತಿರುಗಿಸಿದರು. ಆಮೇಲೆ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟಿವೆ ಅಂತ ಕೇಳಿದರು. ಚಕ್ರ 10ಕ್ಕೆ ನಿಂತಿದ್ದನ್ನು ಕಂಡವರ ಅಂದಾಜು ಸುಮಾರು 25. ಅದೇ ಚಕ್ರ 65ಕ್ಕೆ ನಿಂತಾಗ ಸುಮಾರು 45. ಮೊದಲು ಕಂಡ ಸಂಖ್ಯೆ ಅಂದಾಜನ್ನು ತನ್ನ ಕಡೆಗೆ ಎಳೆದುಕೊಂಡಿತ್ತು. ಚಕ್ರಕ್ಕೂ ಆಫ್ರಿಕಾಕ್ಕೂ ಏನು ಸಂಬಂಧ? ಗೆರೆ ಎಳೆದ ಬೆಲೆಗೂ ನಮ್ಮ ಕೈಯಲ್ಲಿರುವ ವಸ್ತುವಿಗೂ ಇರುವಷ್ಟೇ.

ಯುರೋಪಿನ ಒಕ್ಕೂಟದವರಿಗೆ ಮಾತ್ರ ಈ ಕಲೆಯ ಮೇಲೆ ಅಭಿಮಾನ ಕಡಿಮೆ. ರಿಯಾಯಿತಿ ಅಂತ ಬೋರ್ಡ್ ಹಾಕಿದರೆ, ಅದಕ್ಕೂ ಹಿಂದಿನ ಕನಿಷ್ಠ 30 ದಿನಗಳ ಅತಿ ಕಡಿಮೆ ಬೆಲೆಯನ್ನೂ ಹೇಳಬೇಕು ಅಂತ 2022ರ ಮೇ 28ರಿಂದ ನಿಯಮ ತಂದರು. ಸೇಲ್‌ಗೆ ಒಂದು ವಾರ ಮೊದಲು ಬೆಲೆ ಏರಿಸಿ, ಸೇಲ್ ದಿನ ಬೆವರು ಸುರಿಸಿ ಇಳಿಸುತ್ತಿದ್ದವರ ಶ್ರಮ ಯಾರಿಗೂ ಕಾಣಲಿಲ್ಲ, ಪಾಪ.

ಬೆಲೆ ಏರಿಸದೆ ಪೊಟ್ಟಣವನ್ನು ಕುಗ್ಗಿಸುವವರು ಇನ್ನೂ ಸೂಕ್ಷ್ಮ ಜನ. ಬೆಲೆ ಏರಿದರೆ ಗಿರಾಕಿ ಬೈಯುತ್ತಾನೆ. ಸೋಪು ಸಣ್ಣದಾದರೆ ತನ್ನ ಕೈಯೇ ದೊಡ್ಡದಾಯಿತೇನೋ ಅಂದುಕೊಳ್ಳುತ್ತಾನೆ. ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅಂತ ನಂಬಿ ಅದನ್ನೇ ಎತ್ತಿಕೊಳ್ಳುತ್ತೇವೆ. ಕೆಲವೊಮ್ಮೆ ಅದರಲ್ಲಿ ಗ್ರಾಂ ಲೆಕ್ಕದಲ್ಲಿ ಬೆಲೆ ಸಣ್ಣದಕ್ಕಿಂತ ಜಾಸ್ತಿಯೇ ಇರುತ್ತದೆ. ತಿಳಿಯಬೇಕಾದರೆ ಬೆಲೆಯನ್ನು ತೂಕದಿಂದ ಭಾಗಿಸಬೇಕು. ಆದರೆ ಕಪಾಟಿನ ಮುಂದೆ ನಿಂತು ಭಾಗಾಕಾರ ಮಾಡುವವರು ದಾರಿಗೆ ಅಡ್ಡ.

ಇನ್ನು ಬಾಳಿಕೆಯ ವಿಷಯ. ಇದರಲ್ಲಿ ಹಿರಿಯರು ಹಾಕಿಕೊಟ್ಟ ದಾರಿ ದೊಡ್ಡದು. 1924ರಲ್ಲಿ ಓಸ್ರಾಮ್, ಫಿಲಿಪ್ಸ್ ಮುಂತಾದ ದೊಡ್ಡ ಬಲ್ಬ್ ಕಂಪನಿಗಳು ಜಿನೀವಾದಲ್ಲಿ ಸೇರಿ ಫೀಬಸ್ ಎಂಬ ಕೂಟ ಕಟ್ಟಿಕೊಂಡವು. ಆಗಿನ ಬಲ್ಬುಗಳು 1500ರಿಂದ 2000 ಗಂಟೆ ಉರಿಯುತ್ತಿದ್ದವು. ಇದು ಅತಿಯಾಯಿತು ಅನ್ನಿಸಿತು. 1000 ಗಂಟೆ ಸಾಕು ಅಂತ ತೀರ್ಮಾನವಾಯಿತು. ಆಮೇಲೆ ಬಲ್ಬುಗಳನ್ನು ಪರೀಕ್ಷೆಗೆ ತರಿಸಿ, ಯಾರ ಬಲ್ಬ್ ಹೆಚ್ಚು ಕಾಲ ಉರಿಯಿತೋ ಅವರಿಗೆ ದಂಡ! ಬೆಳಕು ಪ್ರಖರವಾಗಲಿ ಅಂತ ಹೀಗೆ ಮಾಡಿದೆವು ಅಂತ ಅವರೂ ಸಮರ್ಥನೆ ಕೊಟ್ಟರು. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಆದರೆ ಬೆಳಕಿನ ಮೇಲೆ ಅಷ್ಟು ಪ್ರೀತಿ ಇದ್ದವರು ಅದು ಬೇಗ ಆರಲಿ ಅಂತ ದಂಡ ಯಾಕೆ ಹಾಕುತ್ತಾರೋ ನನಗೆ ತಿಳಿಯಲಿಲ್ಲ. ಈ ಶಿಸ್ತು ಗೊತ್ತಿಲ್ಲದ ಒಂದು ಬಲ್ಬ್ ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನ ಅಗ್ನಿಶಾಮಕ ಠಾಣೆಯಲ್ಲಿದೆ. 1901ರಿಂದ ಮಂದವಾಗಿ ಉರಿಯುತ್ತಲೇ ಇದೆ. ನಾಚಿಕೆ ಇಲ್ಲದ್ದು.

ವಸ್ತು ಬೇಗ ಕೆಡುವ ಕಾಲವೂ ಹೋಯಿತು ಬಿಡಿ. ಈಗ ವಸ್ತು ಕೆಡುವುದಿಲ್ಲ, ನಮ್ಮದಾಗುವುದೂ ಇಲ್ಲ. 2022ರಲ್ಲಿ ಬಿಎಂಡಬ್ಲ್ಯು ಕಂಪನಿ ಕೆಲವು ದೇಶಗಳಲ್ಲಿ ಕಾರಿನ ಸೀಟು ಬಿಸಿ ಮಾಡಿಕೊಳ್ಳಲು ತಿಂಗಳ ಚಂದಾ ಕೇಳಿತು. ಹೀಟರ್ ಸೀಟಿನೊಳಗೇ ಇದೆ. ಕಾರಿಗೆ ದುಡ್ಡು ಕೊಟ್ಟವರ ಕೆಳಗೇ ಇದೆ. ಆದರೂ ಬೆಚ್ಚಗಾಗಬೇಕಾದರೆ ತಿಂಗಳು ತಿಂಗಳು ಕಟ್ಟಬೇಕು. ಜನ ಬಿಸಿಯಾದರು, ಅದೂ ಪುಕ್ಕಟೆಯಾಗಿ. ಮರುವರ್ಷ ಕಂಪನಿ ಆ ಯೋಚನೆ ಕೈಬಿಟ್ಟಿತು.

ಚಂದಾ ಅಂದ ಮೇಲೆ ಬಿಡಿಸಿಕೊಳ್ಳುವ ಕಥೆ ಹೇಳಲೇಬೇಕು. ಸೇರಲು ಒಂದು ಗುಂಡಿ ಸಾಕು. ಬಿಡಲು ಮೊದಲು ಆ ಗುಂಡಿಯನ್ನೇ ಹುಡುಕಬೇಕು. ಸಿಕ್ಕಿದರೆ "ನಿಜವಾಗಿಯೂ ನಮ್ಮನ್ನು ಬಿಟ್ಟು ಹೋಗ್ತೀರಾ?" ಅಂತ ಪ್ರಶ್ನೆ. ಹೌದು ಅಂದರೆ ಕಾರಣ ಹೇಳಿ. ಹೇಳಿದರೆ ಫೋನ್ ಮಾಡಿ. ಫೋನಿನಲ್ಲಿ ನಿಮ್ಮ ಕರೆ ನಮಗೆ ಬಹಳ ಮುಖ್ಯ ಅಂತ ಸಂಗೀತದ ನಡುವೆ ಮತ್ತೆ ಮತ್ತೆ ಹೇಳುತ್ತಾರೆ. ಅಷ್ಟು ಮುಖ್ಯವಾದ್ದನ್ನು ಆತುರದಲ್ಲಿ ಎತ್ತಿಬಿಡಬಾರದು ಅಂತಲೇ ಕಾಯಿಸುತ್ತಾರೆ. ಕೊನೆಗೆ ಒಬ್ಬರು ಸಿಕ್ಕಿ, ಮೆತ್ತಗೆ, "ಅರ್ಧ ಬೆಲೆಗೆ ಕೊಡ್ತೀವಿ, ಇರಿ ಸಾರ್" ಅನ್ನುತ್ತಾರೆ.

ಅಂದರೆ ಅರ್ಧ ಬೆಲೆಗೆ ಕೊಡಲು ಮೊದಲಿಂದಲೂ ಆಗುತ್ತಿತ್ತು. ಹೋಗ್ತೀನಿ ಅಂದವರಿಗೆ ಅರ್ಧ, ಬಾಯಿ ಮುಚ್ಚಿಕೊಂಡು ಕಟ್ಟಿದವರಿಗೆ ಪೂರ್ತಿ. ಈ ಕಾಲದಲ್ಲಿ ನಿಷ್ಠೆಗೆ ಬೆಲೆ ಇಲ್ಲ ಅಂತ ಕೊರಗುವವರು ಸಮಾಧಾನ ಮಾಡಿಕೊಳ್ಳಿ. ಇದೆ, ಅದನ್ನು ಕಟ್ಟುತ್ತಿರುವುದು ನೀವೇ. ಬ್ರಿಟನ್ನಿನಲ್ಲಂತೂ ಇದಕ್ಕೆ ಕಾನೂನೇ ಬೇಕಾಯಿತು. ಮನೆ ಮತ್ತು ವಾಹನ ವಿಮೆ ನವೀಕರಿಸುವ ಹಳೆಯ ಗಿರಾಕಿಗೆ ಹೊಸಬರಿಗಿಂತ ಜಾಸ್ತಿ ದರ ಹೇಳುವಂತಿಲ್ಲ ಅಂತ 2022ರ ಜನವರಿ 1ರಿಂದ ನಿಯಮ ಬಂತು.

ಇಷ್ಟಾದ ಮೇಲೂ ನನಗೆ ಅತಿ ಪ್ರಿಯವಾದದ್ದು ಕನ್ವೀನಿಯನ್ಸ್ ಫೀ. ಟಿಕೆಟ್ ಹುಡುಕುವವರು ನಾವು. ಹೆಸರು, ವಯಸ್ಸು ಟೈಪ್ ಮಾಡುವವರು ನಾವು. ಓಟಿಪಿಗೆ ಕಾಯುವವರೂ ನಾವೇ. ಮೊದಲು ಈ ಕೆಲಸಕ್ಕೆ ಕೌಂಟರಿನಲ್ಲಿ ಒಬ್ಬರಿಗೆ ಸಂಬಳ ಕೊಟ್ಟು ಕೂರಿಸುತ್ತಿದ್ದರು. ಈಗ ಆ ಕುರ್ಚಿಯಲ್ಲಿ ಕೂತದ್ದಕ್ಕೆ ನಮ್ಮಿಂದಲೇ ಶುಲ್ಕ. ಅದೂ ಎಲ್ಲಾ ಮುಗಿದು, ಹಣ ಕಟ್ಟುವ ಕೊನೆಯ ಪುಟದಲ್ಲಿ ಮೆಲ್ಲಗೆ ತಲೆ ಹಾಕುತ್ತದೆ. ಆ ಹೊತ್ತಿಗೆ ಮತ್ತೆ ಮೊದಲಿನಿಂದ ಬೇರೆ ಕಡೆ ಹುಡುಕುವಷ್ಟು ತಾಳ್ಮೆ ಯಾರಿಗಿರುತ್ತದೆ? ಅದು ಅವರಿಗೂ ಗೊತ್ತು.

ದುಡ್ಡು ಹೋದ ಮರುಕ್ಷಣ ಐದು ನಕ್ಷತ್ರಗಳು ಬಂದು ಸಾಲಾಗಿ ನಿಲ್ಲುತ್ತವೆ. ನಮ್ಮ ಸೇವೆ ಹೇಗಿತ್ತು ಅಂತ ಪ್ರಶ್ನೆ. ಕೆಲಸ ಮಾಡಿದ್ದು ನಾನೊಬ್ಬನೇ ಆದ್ದರಿಂದ ನನಗೆ ನಾನೇ ನಾಲ್ಕು ಕೊಟ್ಟುಕೊಂಡೆ. ಟೈಪ್ ಮಾಡುವುದು ಸ್ವಲ್ಪ ನಿಧಾನ.