ಟೈಪ್ ಇದ್ದೂ ಇಲ್ಲದಂತೆ

ಯಾವ ಡೇಟಾ ಯಾವ ಬಗೆಯದು (ಟೈಪ್) ಅಂತ ಮೊದಲೇ ತಪಾಸಣೆ ಮಾಡುವ ಟೈಪ್‌ಸ್ಕ್ರಿಪ್ಟ್ ಭಾಷೆ ಹಾಕಿದ್ದೇವೆ, ಇನ್ನು ಸ್ಟೇಟ್‌ನಲ್ಲಿ, ಅಂದರೆ ಆ್ಯಪ್ ಆ ಕ್ಷಣಕ್ಕೆ ನೆನಪಿಟ್ಟುಕೊಂಡಿರುವ ಡೇಟಾದಲ್ಲಿ, ತಪ್ಪು ನುಸುಳುವುದಿಲ್ಲ ಅಂತ ನಮ್ಮ ತಂಡದಲ್ಲಿ ಎಲ್ಲರಿಗೂ ಭಾರೀ ಧೈರ್ಯ. ಕೋಡ್ ತೆಗೆದು ನೋಡಿದರೆ ಹೆಜ್ಜೆಗೊಂದು ‘ಆ್ಯಸ್ ಎನಿ’, ಅಂದರೆ ‘ಇದರ ಟೈಪ್ ತಪಾಸಣೆ ಬೇಡ’ ಅನ್ನುವ ಅಪ್ಪಣೆ. ಹಾಗಿದ್ದರೆ ಟೈಪ್ ಯಾಕೆ ಬೇಕಿತ್ತು?

ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಗಳಿಗಾಗಿ ಒಂದು ಸಣ್ಣ ಆ್ಯಪ್ ಮಾಡುತ್ತಿದ್ದೇವೆ. ಲೋಡ್ ಆಗ್ತಿದೆಯಾ, ಎರರ್ ಬಂತಾ, ಡೇಟಾ ಸಿಕ್ತಾ, ಮೂರಕ್ಕೂ ಬೇರೆ ಬೇರೆ ವೇರಿಯಬಲ್. ಪರಿಣಾಮ? ಮೇಲೆ ಚಕ್ರ ತಿರುಗುತ್ತಲೇ ಇದೆ, ಕೆಳಗೆ ‘ವಿಫಲ’ ಅಂತ ಕೆಂಪಕ್ಷರ, ನಡುವೆ ನಿನ್ನೆಯ ದರ. ವ್ಯಾಪಾರಿ ಯಾವುದನ್ನು ನಂಬಬೇಕು ಹೇಳಿ. ಈ ಮೂರನ್ನೂ ಒಂದೇ ಯೂನಿಯನ್ ಟೈಪ್‌ನಲ್ಲಿ (ಮೂರರಲ್ಲಿ ಒಂದು ಹೊತ್ತಿಗೆ ಒಂದೇ ಅನ್ನುವ ಟೈಪ್) ಕಟ್ಟಿಹಾಕುವ ಸೌಲಭ್ಯ ಟೈಪ್‌ಸ್ಕ್ರಿಪ್ಟ್‌ನ 2016ರ 2.0 ಆವೃತ್ತಿಯಲ್ಲೇ ಬಂದಿದೆ. ಬಳಸಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ.

ದರದ ಗೋಳು ಇನ್ನೂ ಜಾಸ್ತಿ. ಟೈಪ್‌ನಲ್ಲಿ ‘ನಂಬರ್’ ಅಂತ ಬರೆದಿದೆ, ಸರ್ವರ್ ಕಳಿಸುವುದು ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. ಬ್ರೌಸರ್ ತಲುಪುವಷ್ಟರಲ್ಲಿ ಟೈಪ್‌ಗಳೆಲ್ಲ ಅಳಿಸಿಹೋಗಿರುತ್ತವೆ ಅಲ್ವಾ, ತಡೆಯುವವರು ಯಾರು? 185ಕ್ಕೆ 10 ಕೂಡಿಸಿದರೆ ಎರಡೂ ಪಕ್ಕಪಕ್ಕ ಅಂಟಿಕೊಂಡು ಕಿಲೋಗೆ 18510 ರೂಪಾಯಿ! ಆ ದರ ನಿಜವಾಗಿದ್ದರೆ ನಾನು ಕೋಡಿಂಗ್ ಬಿಟ್ಟು ತಿಕೋಟಾ ಕಡೆ ದ್ರಾಕ್ಷಿ ಬಳ್ಳಿ ನೆಡುತ್ತಿದ್ದೆ.

ಇಷ್ಟಾದ ಮೇಲೆ ನಮ್ಮ ತಂಡದ ಲೀಡ್ ಕೊಡುವ ಮದ್ದು ರಿಡಕ್ಸ್, ಸ್ಟೇಟ್ ಅನ್ನೆಲ್ಲ ಒಂದೇ ಕಡೆ ಇಟ್ಟು ನಿಭಾಯಿಸುವ ಲೈಬ್ರರಿ. ಒಂದು ಚೆಕ್‌ಬಾಕ್ಸ್‌ಗೆ ಆ್ಯಕ್ಷನ್, ರಿಡ್ಯೂಸರ್, ಸೆಲೆಕ್ಟರ್, ಸುಮ್ನೆ ಫೈಲ್ ಮೇಲೆ ಫೈಲ್. ಮೊದಲು ಆ ‘ಎನಿ’ಗಳನ್ನು ತೆಗೆಸಿ ಅಂದರೆ, “ಈಗ ಬ್ಯಾಡ್ರೀ, ಬಿಲ್ಡ್ ಒಡೀತದ” ಅಂತಾರೆ.